ಬೆಳ್ಳಿ ಎಳೆ ಬರುವವರೆಗೂ ಜೊತೆಗಿದ್ದವರಿಗೆ

ಮೊನ್ನೆ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಹಾರೈಸಿದ ಎಲ್ಲರಿಗೂ ಥ್ಯಾಂಕ್ಸ್. ಆದರೆ ಕೆಲವರಿಗೆ ಅಷ್ಟೇ ಹೇಳಿದರೆ ಸಾಲದು.

ನಾನು ಬೆಳೆಸುತ್ತಿದ್ದದ್ದು ಬೆಳ್ಳಿಯ ನ್ಯಾನೋವೈರ್, ಅಂದರೆ ಅತಿ ಸಣ್ಣ ಎಳೆ. ತಲೆಕೂದಲಿಗಿಂತ ಸುಮಾರು ಸಾವಿರ ಪಟ್ಟು ತೆಳು. ಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು 160 ಡಿಗ್ರಿಗೆ ಕಾಯಿಸಿ, ಅದಕ್ಕೆ ಸಿಲ್ವರ್ ನೈಟ್ರೇಟ್ ಮತ್ತು ಪಿವಿಪಿ ಎಂಬ ಪಾಲಿಮರ್ ಹನಿಹನಿಯಾಗಿ ಬಿಡಬೇಕು. ಮೊದಲು ಐದು ಹರಳು ಕೂಡಿದ ಪುಟ್ಟ ಬೀಜ ಹುಟ್ಟುತ್ತದೆ. ಪಿವಿಪಿ ಅದರ ಪಕ್ಕಗಳಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಹೊಸ ಪರಮಾಣುಗಳು ಹೆಚ್ಚಾಗಿ ತುದಿಗಳಲ್ಲೇ ಸೇರಿ ಎಳೆ ಉದ್ದವಾಗುತ್ತದೆ.

ಎರಡನೇ ವರ್ಷ ಹನ್ನೊಂದು ತಿಂಗಳು ಒಂದೂ ಎಳೆ ಬರಲಿಲ್ಲ. ಬರೀ ಬೆಳ್ಳಿಯ ಕಾಳು. ಬಿಟ್ಟು ಊರಿಗೆ ಹೋಗೋಣ ಅಂತ ಬ್ಯಾಗ್ ಕೂಡ ತುಂಬಿದ್ದೆ. ಆಗ ಸೀನಿಯರ್ ಅಕ್ಕ ಕಪಾಟಿನ ಹಿಂದಿನಿಂದ ಗ್ಲೈಕಾಲಿನ ಹಳೇ ಬಾಟಲಿ ತೆಗೆದರು. ತಳದಲ್ಲಿ ಒಂದಿಷ್ಟು ಉಳಿದಿತ್ತು. ಅದರಲ್ಲಿ ಎಳೆ ಬಂತು! ನಾನು ಬಳಸುತ್ತಿದ್ದ ಹೊಸ ಬಾಟಲಿಯಲ್ಲಿ ಕ್ಲೋರೈಡ್ ತುಸು ಜಾಸ್ತಿ ಇತ್ತು. ಕ್ಲೋರೈಡೂ ಗಾಳಿಯ ಆಮ್ಲಜನಕವೂ ಸೇರಿದರೆ ಐದು ಹರಳಿನ ಬೀಜಗಳನ್ನೇ ಮೊದಲು ಕರಗಿಸುತ್ತವೆ. ನೈಟ್ರೋಜನ್ ಹಾಯಿಸಿ ಆಮ್ಲಜನಕ ಹೊರಹಾಕಿದ ಮೇಲೆ ಹೊಸ ಬಾಟಲಿಯಲ್ಲೂ ಬೀಜ ಉಳಿಯಿತು. ಅವತ್ತು ಫ್ಲಾಸ್ಕ್ ಅಲ್ಲಾಡಿಸಿದಾಗ ಒಳಗೆ ರೇಷ್ಮೆ ಸುರುಳಿಯಂತೆ ಹೊಳೆದದ್ದು ಇನ್ನೂ ಕಣ್ಣಲ್ಲಿದೆ. ಅಕ್ಕಾ, ಆ ಹನ್ನೊಂದು ತಿಂಗಳಲ್ಲಿ ಒಂದು ದಿನವೂ ನೀವು "ಇನ್ನೂ ಆಗಿಲ್ವಾ?" ಅಂತ ಕೇಳಲಿಲ್ಲ. ಅದಕ್ಕೆ ನಾನು ಋಣಿ.

ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನಡೆಸುವ ಅಣ್ಣನಿಗೂ. ನನ್ನ ಸರದಿ ಮುಗಿದರೂ ರಾತ್ರಿ ಎರಡು ಗಂಟೆ ಹೆಚ್ಚು ಕೂತರು. ರೆಸಿನ್ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಹುದುಗಿಸಿ ಅಡ್ಡ ಕತ್ತರಿಸಿದ ಎಳೆಯನ್ನು ತೋರಿಸಿದರು. ಬೆಂಡೆಕಾಯಿ ಅಡ್ಡ ಹೆಚ್ಚಿದ ಹಾಗೆ ಐದು ಮನೆ! ಒಂದೊಂದು ಹರಳಿನ ಕೋನ 70.5 ಡಿಗ್ರಿ. ಐದು ಸೇರಿದರೂ 360ಕ್ಕೆ ಸುಮಾರು ಏಳು ಡಿಗ್ರಿ ಕಮ್ಮಿ. ಆ ಬಿರುಕು ಮುಚ್ಚಲು ಪರಮಾಣುಗಳು ತುಸು ಎಳೆದುಕೊಂಡು ನಿಲ್ಲುತ್ತವೆ.

ಈ ದಾರಿಗೆ ನನ್ನನ್ನು ಎಳೆದದ್ದು 2000ದಲ್ಲಿ ಜಪಾನಿನ ಕೊಂಡೊ ಮತ್ತು ತಕಯನಗಿ ತೋರಿಸಿದ ಚಿನ್ನದ ಎಳೆ. ಅದರಲ್ಲಿ ಪರಮಾಣುಗಳ ಸಾಲು ಸುರುಳಿ ಸುತ್ತಿ, ಕೊಳವೆಯೊಳಗೆ ಕೊಳವೆಯಾಗಿ ಕೂತಿರುತ್ತದೆ. ಎಂಎಸ್ಸಿ ಕ್ಲಾಸಿನಲ್ಲಿ ಅದನ್ನು ಬೋರ್ಡಿನ ಮೇಲೆ ಬಿಡಿಸಿದ ಮೇಡಂಗೆ ನಮಸ್ಕಾರ.

ಅಮ್ಮಾ, ಫೋನಿನಲ್ಲಿ ಪ್ರತಿ ಸಲ "ಊಟ ಆಯ್ತಾ?" ಅಂತ ಮಾತ್ರ ಕೇಳಿದೆಯಲ್ಲ, ಅದೇ ಸಾಕಾಗಿತ್ತು.

ನನ್ನ ಲ್ಯಾಬ್ ನೋಟ್‌ಬುಕ್ ಈಗ ಹೊಸದಾಗಿ ಸೇರಿದ ಹುಡುಗಿಯ ಟೇಬಲ್ ಮೇಲಿದೆ. ಬರೀ ಕಾಳು ಬಂದ ಹನ್ನೊಂದು ತಿಂಗಳ ಪುಟಗಳೂ ಅದರಲ್ಲಿವೆ. ಹರಿದಿಲ್ಲ.