ಸಾವಿರ ಅಡಿಯ ಕೆಳಗೆ ಟಿಕ್ಯಾಸ್ ಆದೇಶ ಕೊಡುವುದಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಎರಡು ವಿಮಾನಗಳು ಆಕಾಶದಲ್ಲಿ ಹತ್ತಿರ ಬಂದು ಕೂದಲೆಳೆಯಲ್ಲಿ ಪಾರಾದವು ಎಂಬ ಸುದ್ದಿಯ ಕೊನೆಗೆ ಒಂದು ಸಾಲು ಇದ್ದೇ ಇರುತ್ತದೆ: ‘ವಿಮಾನದಲ್ಲಿದ್ದ ಎಚ್ಚರಿಕೆ ಸಾಧನ ಅನಾಹುತ ತಪ್ಪಿಸಿತು’. ಎತ್ತರದಲ್ಲಿ ಹಾರುವಾಗ ಈ ಮಾತು ನಿಜ. 2018ರ ಜುಲೈನಲ್ಲಿ ಬೆಂಗಳೂರಿನ ವಾಯುಪ್ರದೇಶದಲ್ಲಿ ಎರಡು ಪ್ರಯಾಣಿಕ ವಿಮಾನಗಳ ನಡುವಿನ ಎತ್ತರದ ಅಂತರ 200 ಅಡಿಯಷ್ಟಕ್ಕೆ ಕುಗ್ಗಿದಾಗ ಕಾಪಾಡಿದ್ದು ಟಿಕ್ಯಾಸ್ ಎಂಬ ಆ ಸಾಧನವೇ. ದೇವನಹಳ್ಳಿಯ ರನ್‌ವೇ ಬಳಿ ಮಾತ್ರ ಅದನ್ನೇ ನಂಬಿ ಕೂರುವಂತಿಲ್ಲ.

ಟಿಕ್ಯಾಸ್ 1030 ಮೆಗಾಹರ್ಟ್ಸ್‌ನಲ್ಲಿ ಸುತ್ತಲಿನ ವಿಮಾನಗಳ ಟ್ರಾನ್ಸ್‌ಪಾಂಡರ್‌ಗಳನ್ನು (ಕೇಳಿದಾಗ ತಾನಾಗಿ ಉತ್ತರಿಸುವ ರೇಡಿಯೋ ಸಾಧನ) ‘ಎಲ್ಲಿದ್ದೀರಿ’ ಎಂದು ಕೇಳುತ್ತದೆ. ಉತ್ತರ 1090ರಲ್ಲಿ ಬರುತ್ತದೆ. ಉತ್ತರಕ್ಕೆ ಹಿಡಿದ ಸಮಯದಿಂದ ದೂರ ಗೊತ್ತಾಗುತ್ತದೆ, ಉತ್ತರದೊಳಗಿನ ಸಂಕೇತದಿಂದ ಎತ್ತರ. ಡಿಕ್ಕಿಗೆ 20ರಿಂದ 48 ಸೆಕೆಂಡ್ ಇದೆ ಎನ್ನುವಾಗ ‘ಟ್ರಾಫಿಕ್, ಟ್ರಾಫಿಕ್’ ಎನ್ನುತ್ತದೆ. 15ರಿಂದ 35 ಸೆಕೆಂಡಿಗೆ ಬಂದರೆ ಎರಡೂ ಸಾಧನಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದು ವಿಮಾನಕ್ಕೆ ‘ಕ್ಲೈಂಬ್’ (ಏರು), ಇನ್ನೊಂದಕ್ಕೆ ‘ಡಿಸೆಂಡ್’ (ಇಳಿ) ಎಂದು ಆದೇಶ ಕೊಡುತ್ತವೆ. ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎನ್ನುವುದು ಇಲ್ಲವೇ ಇಲ್ಲ. ಪೈಲಟ್ 5 ಸೆಕೆಂಡಿನೊಳಗೆ ಪಾಲಿಸಬೇಕು. ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಬೇರೆಯೇ ಹೇಳಿದರೂ ಟಿಕ್ಯಾಸ್ ಮಾತೇ ಮೇಲು. 2002ರಲ್ಲಿ ಜರ್ಮನಿಯ ಊಬರ್‌ಲಿಂಗನ್ ಬಳಿ ಟಿಕ್ಯಾಸ್ ಏರು ಎಂದಾಗ ಕಂಟ್ರೋಲರ್ ಮಾತು ಕೇಳಿ ಇಳಿದ ವಿಮಾನ ಇನ್ನೊಂದಕ್ಕೆ ಬಡಿದು 71 ಮಂದಿ ಸತ್ತರು.

ಇಷ್ಟೆಲ್ಲ ಮಾಡುವ ಟಿಕ್ಯಾಸ್ ನೆಲದಿಂದ ಸುಮಾರು 1,000 ಅಡಿಯ ಕೆಳಗೆ ಆದೇಶ ಕೊಡುವುದನ್ನೇ ನಿಲ್ಲಿಸುತ್ತದೆ. ಅಲ್ಲಿ ‘ಇಳಿ’ ಎಂದರೆ ನೆಲಕ್ಕೇ ಬಡಿ ಎಂದ ಹಾಗೆ. ನಮ್ಮ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಪೈಲಟ್‌ನ ಮುಂದಿನ ಮಾಪಕ 4,000 ತೋರಿಸುತ್ತಿರುವಾಗಲೇ ಟಿಕ್ಯಾಸ್ ಆದೇಶ ನಿಲ್ಲಿಸುವ ಹಂತ ಬಂದಿರುತ್ತದೆ. 3 ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನಕ್ಕೆ ಅದು ರನ್‌ವೇ ಇನ್ನೂ ಐದೂವರೆ ಕಿ.ಮೀ. ದೂರವಿರುವ ಜಾಗ. ಅಲ್ಲಿಂದ ಮುಂದೆ, ಹಾಗೆಯೇ ಟೇಕಾಫ್ ಆದ ಮೊದಲ ಕ್ಷಣಗಳಲ್ಲಿ, ಕಾಯುವುದು ಮನುಷ್ಯರ ಮಾತು, ಕಣ್ಣು ಮತ್ತು ಶಿಸ್ತು.

2022ರ ಜನವರಿ 7ರಂದು ಬೆಂಗಳೂರಿನಲ್ಲಿ ತಪ್ಪಿದ್ದು ಆ ಮಾತೇ. ಎರಡು ರನ್‌ವೇ ಬಿಟ್ಟು ಒಂದರಲ್ಲೇ ಏರಿಳಿತ ಮಾಡಿಸುವ ನಿರ್ಧಾರವಾಯಿತು; ಅದು ದಕ್ಷಿಣ ರನ್‌ವೇ ನೋಡಿಕೊಳ್ಳುವ ಟವರ್‌ಗೆ ತಲುಪಲಿಲ್ಲ. ಎರಡೂ ಟವರ್‌ಗಳು ಟೇಕಾಫ್‌ಗೆ ಅನುಮತಿ ಕೊಟ್ಟವು. ಅಕ್ಕಪಕ್ಕದ ರನ್‌ವೇಗಳಿಂದ ಎದ್ದ ಎರಡು ವಿಮಾನಗಳು ಒಂದರ ದಾರಿಗೆ ಒಂದು ಬಾಗತೊಡಗಿದ್ದನ್ನು ಪರದೆಯ ಮೇಲೆ ಕಂಡ ರೇಡಾರ್ ಕಂಟ್ರೋಲರ್ ಬೇರೆ ಬೇರೆ ದಿಕ್ಕು ಕೊಟ್ಟು ಬಿಡಿಸಿದರು. ಜೋಡಿ ರನ್‌ವೇಗಳಿಂದ ಏಕಕಾಲಕ್ಕೆ ಏರಬೇಕಾದರೆ ಅವುಗಳ ಮಧ್ಯರೇಖೆಗಳ ನಡುವೆ ಕನಿಷ್ಠ 760 ಮೀಟರ್ ಇರಬೇಕು, ಎದ್ದ ಕೂಡಲೇ ದಾರಿಗಳು ಸಾಮಾನ್ಯವಾಗಿ ಕನಿಷ್ಠ 15 ಡಿಗ್ರಿ ದೂರ ಸರಿಯಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಒಂದು ಟವರ್ ‘ಈಗ ಒಂದೇ ರನ್‌ವೇ’ ಎಂದುಕೊಂಡಿದ್ದು, ಇನ್ನೊಂದು ‘ಎರಡೂ ನಡೆಯುತ್ತಿವೆ’ ಎಂದುಕೊಂಡಿದ್ದರೆ ಆ 15 ಡಿಗ್ರಿಯನ್ನು ನೋಡಿಕೊಳ್ಳುವವರು ಯಾರು?

ಇದಕ್ಕೆ ಕೋಟಿಗಟ್ಟಲೆ ಖರ್ಚಿನ ಯಂತ್ರ ಬೇಡ. ರನ್‌ವೇ ಬಳಕೆ ಬದಲಾಗುವಾಗ ಮೊದಲು ಎರಡೂ ಕಡೆ ಟೇಕಾಫ್ ನಿಲ್ಲಿಸಬೇಕು. ನಿರ್ಧಾರವನ್ನು ರೆಕಾರ್ಡ್ ಆಗುವ ಹಾಟ್‌ಲೈನ್‌ನಲ್ಲೇ ಹೇಳಿ, ಎರಡೂ ಟವರ್‌ಗಳಿಂದ ತಿರುಗಿ ಹೇಳಿಸಿಕೊಳ್ಳಬೇಕು; ‘ಆಯ್ತು ಸಾರ್’ ಎಂಬ ಉತ್ತರ ಸಾಲದು. ಮುಚ್ಚಿದ ರನ್‌ವೇಯ ಗುರುತು ಕಂಟ್ರೋಲರ್ ಕಣ್ಣೆದುರಿನ ಪಟ್ಟಿಯಲ್ಲೇ ಕೆಂಪಾಗಿ ಕೂತಿರಬೇಕು. ಬದಲಾವಣೆಯಾದ ನಂತರದ ಮೊದಲ ಟೇಕಾಫ್ ಮಾತ್ರ ಅಪ್ರೋಚ್ ರೇಡಾರ್‌ನವರು (ನಿಲ್ದಾಣದ ಸುತ್ತಲಿನ ವಿಮಾನಗಳನ್ನು ಪರದೆಯ ಮೇಲೆ ನೋಡಿಕೊಳ್ಳುವವರು) ಹ್ಞೂಂ ಎಂದ ಮೇಲೆಯೇ ಆಗಬೇಕು. ಇದರಿಂದ ಎರಡು ಮೂರು ನಿಮಿಷ ತಡವಾದೀತು, ಆಗಲಿ.

ರೇಡಿಯೋದ ಇನ್ನೊಂದು ಕಾಯಿಲೆಯನ್ನು ಹೊರಗಿನವರು ಊಹಿಸಲಾರರು. ಒಂದೇ ಫ್ರೀಕ್ವೆನ್ಸಿಯಲ್ಲಿ ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಕೇಳಿಸುವುದು ಕೀಂ ಎಂಬ ಸದ್ದು ಮಾತ್ರ, ಮಾತಾಡಿದ ಇಬ್ಬರಿಗೂ ತಮ್ಮ ಮಾತು ಕೆಟ್ಟಿದ್ದು ಗೊತ್ತಾಗುವುದಿಲ್ಲ. ಒಂದೇ ಸಂಸ್ಥೆಯ ಹತ್ತಾರು ವಿಮಾನಗಳು ಬೆಳಗಿನ ಹೊತ್ತು ಒಟ್ಟಿಗೆ ಹೊರಡುವ ಊರಿನಲ್ಲಿ ಒಂದಂಕಿ ಅದಲುಬದಲಾದ ಕಾಲ್‌ಸೈನ್‌ಗಳಿದ್ದರಂತೂ (ರೇಡಿಯೋದಲ್ಲಿ ವಿಮಾನವನ್ನು ಕರೆಯುವ ಹೆಸರು) ಒಬ್ಬರಿಗೆ ಕೊಟ್ಟ ಎತ್ತರಕ್ಕೆ ಇನ್ನೊಬ್ಬರು ಹೊರಟುಬಿಡುತ್ತಾರೆ. ಅದಕ್ಕೇ ಈಗ ಕೆಲವು ಕಾಲ್‌ಸೈನ್‌ಗಳ ತುದಿಗೆ ಅಕ್ಷರ ಸೇರಿಸುವುದು. ಎತ್ತರದ ಶಿಸ್ತು ತಪ್ಪಿದರೆ ಏನಾಗುತ್ತದೆ ಎಂಬುದನ್ನು 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ನಡೆದ ಡಿಕ್ಕಿ ತೋರಿಸಿದೆ: 15,000 ಅಡಿಯಲ್ಲಿ ನಿಲ್ಲಬೇಕಿದ್ದ ವಿಮಾನ 14,000ದ ಹತ್ತಿರಕ್ಕೆ ಇಳಿದು ಎದುರಿನದಕ್ಕೆ ಬಡಿಯಿತು, 349 ಜನ ಸತ್ತರು. ಆಗಿನ ದೆಹಲಿಯ ರೇಡಾರ್ ಎತ್ತರವನ್ನೇ ತೋರಿಸುತ್ತಿರಲಿಲ್ಲ. ಭಾರತದಲ್ಲಿ ಟಿಕ್ಯಾಸ್ ಕಡ್ಡಾಯವಾದದ್ದು ಆ ಮೇಲೆ.

ಕೊನೆಗೆ, ದೇವನಹಳ್ಳಿ, ಚಿಕ್ಕಜಾಲ, ನಂದಿ ಬೆಟ್ಟದ ದಾರಿಯ ರೆಸಾರ್ಟ್ ಮತ್ತು ಕಲ್ಯಾಣ ಮಂಟಪದವರಿಗೆ. ನಿಮ್ಮ ಮದುವೆಯ ವಿಡಿಯೋ ಡ್ರೋನ್‌ನಲ್ಲಿ ಟ್ರಾನ್ಸ್‌ಪಾಂಡರ್ ಇರುವುದಿಲ್ಲ, ಆದ್ದರಿಂದ ಯಾವ ಎತ್ತರದಲ್ಲೂ ಟಿಕ್ಯಾಸ್‌ಗೆ ಅದು ಕಾಣುವುದಿಲ್ಲ. 2021ರ ಡ್ರೋನ್ ನಿಯಮದಂತೆ ವಿಮಾನ ನಿಲ್ದಾಣದ ಆವರಣದಿಂದ 5 ಕಿ.ಮೀ. ವರೆಗೆ ಕೆಂಪು ವಲಯ, ಅಂದರೆ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. 5ರಿಂದ 8 ಕಿ.ಮೀ. ನಡುವೆ ಎಷ್ಟೇ ಕೆಳಗೆ ಹಾರಿಸಿದರೂ, 8ರಿಂದ 12 ಕಿ.ಮೀ. ನಡುವೆ 200 ಅಡಿ ದಾಟಿದರೂ, ವಾಯು ಸಂಚಾರ ನಿಯಂತ್ರಣದ ಅನುಮತಿ ಬೇಕು. 250 ಗ್ರಾಂ ಒಳಗಿನದು ಎಂಬ ನೆಪ ಕೆಂಪು ವಲಯದಲ್ಲಿ ನಡೆಯದು. ಫೋಟೋಗ್ರಾಫರ್‌ಗೆ ಮುಂಗಡ ಕೊಡುವ ಮುನ್ನ ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಮಂಟಪದ ಜಾಗ ಯಾವ ಬಣ್ಣದಲ್ಲಿದೆ ಎಂದು ನೋಡಿಕೊಳ್ಳಿ.

— ವಿಮಾನ ಸಂಚಾರ ಕ್ಷೇತ್ರದ ಕೆಲವು ಓದುಗರು, ಯಲಹಂಕ, ಬೆಂಗಳೂರು