ಸಂಬಳ ಏರಿದರೆ ಪುಟ್ಟಿಯ ಇಎಸ್‌ಐ ಏನಾಗುತ್ತದೆ?

ತಿಪಟೂರು
10-2-2025

ಚಿ. ಸೌ. ರೇಖಾಳಿಗೆ ನಿನ್ನ ಮಾವನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ. ಊರಿನ ಸಮಾಚಾರವನ್ನು ನಿಮ್ಮಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಮಗಳು ಪುಟ್ಟಿಯ ಹೃದಯದ ರಂಧ್ರದ ವಿಷಯವೂ ನಮಗೆಲ್ಲ ಗೊತ್ತಿರುವುದೇ. ಆಗಸ್ಟಿನಲ್ಲಿ ಇನ್ನೊಂದು ಎಕೋ (ಹೃದಯದ ಸ್ಕ್ಯಾನ್) ಮಾಡಿ ಆಮೇಲೆ ಆಪರೇಷನ್ ವಿಚಾರ ಹೇಳುತ್ತೇವೆ ಅಂದಿದ್ದಾರಲ್ಲ, ಅಲ್ಲಿಯವರೆಗೆ ಕಾಯಲೇಬೇಕು.

ನನ್ನ ನಿದ್ದೆ ಕೆಡಿಸಿದ್ದು ನಿನ್ನ ಕಾಗದದ ಕೊನೆಯ ಸಾಲು. ‘ಸಂಬಳ ಇಪ್ಪತ್ತೊಂದು ಸಾವಿರ ದಾಟಿದರೆ ಇಎಸ್‌ಐ ಹೋಗುತ್ತಂತೆ, ಇನ್‌ಕ್ರಿಮೆಂಟೇ ಬೇಡ ಅಂತ ಇವರ ಕೈಲಿ ಬರೆಸಿಕೊಡಲಾ ಮಾವ?’ ಬೇಡ ಕಣಮ್ಮ. ಅಳಿಯಂದಿರಿಂದ ಅಂಥ ಕಾಗದ ಬರೆಸಬೇಡ.

ಇಎಸ್‌ಐ ಅಂದರೆ ಸಂಬಳದಲ್ಲಿ ವಂತಿಗೆ ಹಿಡಿದು ನೌಕರರಿಗೂ ಮನೆಯವರಿಗೂ ಚಿಕಿತ್ಸೆ ಕೊಡುವ ಸರ್ಕಾರಿ ವಿಮೆ. ಮಿತಿ ದಾಟಿದರೆ ಅದು ಹೋಗುವುದು ನಿಜ. ಆದರೆ ಅವತ್ತೇ ಹೋಗುವುದಿಲ್ಲ. ಇದನ್ನು ಯಾರೂ ನಿಮಗೆ ಬಿಡಿಸಿ ಹೇಳಿಲ್ಲ ಅಂತ ಕಾಣುತ್ತೆ.

ಇಎಸ್‌ಐ ಲೆಕ್ಕ ಆರು ತಿಂಗಳ ಕಂತಿನಲ್ಲಿ ನಡೆಯುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ವಂತಿಗೆ ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಏಪ್ರಿಲ್–ಸೆಪ್ಟೆಂಬರಿನಲ್ಲಿ ಕಟ್ಟಿದ್ದಕ್ಕೆ ಸೌಲಭ್ಯ ಸಿಗುವುದು ಮುಂದಿನ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರ್–ಮಾರ್ಚಿನಲ್ಲಿ ಕಟ್ಟಿದ್ದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ. ಒಂದು ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಬಿದ್ದಿದ್ದರೆ, ಆಮೇಲೆ ಸಂಬಳ ಮಿತಿ ದಾಟಿ ಆಚೆ ಬಂದರೂ, ಆ ಅವಧಿಗೆ ಸೇರಿದ ಆರು ತಿಂಗಳ ಚಿಕಿತ್ಸೆ ಅವರಿಗೂ ಮನೆಯವರಿಗೂ ಉಳಿಯುತ್ತದೆ.

ಈಗ ನಿಮ್ಮದನ್ನೇ ನೋಡು. ಏಪ್ರಿಲ್ 1ರಿಂದ ಸಂಬಳ 20,600ರಿಂದ 22,400 ಆದರೆ ಅಳಿಯಂದಿರು ಅವತ್ತಿಗೆ ಇಎಸ್‌ಐನಿಂದ ಆಚೆ. ಆದರೂ ಈ ಮಾರ್ಚ್‌ವರೆಗೆ ಕಟ್ಟಿದ ದುಡ್ಡಿಗೆ ಡಿಸೆಂಬರ್ 31ರವರೆಗೆ ಪುಟ್ಟಿಯನ್ನು ತೋರಿಸಬಹುದು. ಅದೇ ಇನ್‌ಕ್ರಿಮೆಂಟ್ ಮೇ 1ರಿಂದ ಜಾರಿಯಾದರೆ? ಅಷ್ಟರಲ್ಲಿ ಹೊಸ ಅವಧಿ ಶುರುವಾಗಿರುತ್ತದೆ. ಅವಧಿಯ ನಡುವೆ ಮಿತಿ ದಾಟಿದವರನ್ನು ಆ ಅವಧಿ ಮುಗಿಯುವ ತನಕ ತೆಗೆಯುವಂತಿಲ್ಲ. ಸೆಪ್ಟೆಂಬರ್ 30ರವರೆಗೆ ವಂತಿಗೆ ನಡೆಯುತ್ತದೆ, ಚಿಕಿತ್ಸೆ 2026ರ ಜೂನ್ 30ರವರೆಗೆ ಬರುತ್ತದೆ. ಒಂದು ತಿಂಗಳ 1,800 ರೂಪಾಯಿ ಬಿಟ್ಟುಕೊಟ್ಟರೆ ಆರು ತಿಂಗಳ ಚಿಕಿತ್ಸೆ ಹೆಚ್ಚು ಸಿಗುತ್ತದೆ. ಹಿಡಿಯುವುದು ಮಾತ್ರ ಪೂರ್ತಿ ಹೊಸ ಸಂಬಳದ ಮೇಲೆ. ಶೇ. 0.75 ಅಂದರೆ ತಿಂಗಳಿಗೆ 168 ರೂಪಾಯಿ.

ಆದ್ದರಿಂದ ಕೇಳುವುದಾದರೆ ‘ಬೇಡ’ ಅಂತಲ್ಲ, ‘ಮೇ ತಿಂಗಳಿಂದ ಕೊಡಿ’ ಅಂತ ಕೇಳಲಿ. ಆರ್ಡರಿನಲ್ಲಿ ‘ಏಪ್ರಿಲ್‌ನಿಂದ ಅನ್ವಯ’ ಅಂತ ಹಿಂದಿನ ತಾರೀಖು ಹಾಕಿ ಬಾಕಿ ಕೊಡುವ ಹಾಗಾದರೆ ಈ ಲೆಕ್ಕಕ್ಕೆ ತೊಡಕಾಗಬಹುದು, ಆ ಸಾಲನ್ನು ಮೊದಲು ಓದಬೇಕು. ಕಂಪನಿಯವರು ಒಪ್ಪದೆಯೂ ಇರಬಹುದು. ಅವರ ಪಾಲು ಶೇ. 3.25, ತಿಂಗಳಿಗೆ 728 ರೂಪಾಯಿ ಅವರ ಕೈಯಿಂದ ಹೋಗುತ್ತದೆ. ಒಪ್ಪದಿದ್ದರೆ ಜಗಳ ಬೇಡ, ಡಿಸೆಂಬರ್‌ವರೆಗಂತೂ ಇದ್ದೇ ಇದೆ.

ಇನ್ನೊಂದು. ಆ 22,400ರಲ್ಲಿ ಓವರ್‌ಟೈಮ್ ಸೇರಿದೆಯೋ ನೋಡಲಿ. ಓವರ್‌ಟೈಮಿಗೂ ವಂತಿಗೆ ಹಿಡಿಯುತ್ತಾರೆ, ಆದರೆ 21,000ದ ಮಿತಿ ಲೆಕ್ಕ ಹಾಕುವಾಗ ಅದನ್ನು ಸೇರಿಸುವ ಹಾಗಿಲ್ಲ. ವರ್ಷದ ಬೋನಸ್ಸೂ ಸೇರದು. ಅವನ್ನು ಕಳೆದರೆ ಮಿತಿಯನ್ನೇ ದಾಟದಿರಬಹುದು, ಆಗ ನಿನ್ನ ಭಯಕ್ಕೆ ಕಾರಣವೇ ಇಲ್ಲ.

ಫ್ಯಾಕ್ಟರಿಯ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಕೂತು ಮುದುಕನಾದವನಿಗೆ ಈ ಭಯ ಹೊಸದಲ್ಲ. ಮಿತಿ 6,500 ಇದ್ದ ಕಾಲದಲ್ಲೂ ಇತ್ತು, 2010ರಲ್ಲಿ 15,000 ಆದಾಗಲೂ ಇತ್ತು, 2017ರ ಜನವರಿಯಿಂದ 21,000 ಆದ ಮೇಲೂ ಇದೆ. ಮಿತಿ ದಾಟುತ್ತೇವೆ ಅಂತ ಎಷ್ಟೋ ಜನ ಓವರ್‌ಟೈಮೇ ಬಿಟ್ಟರು. ಬಿಡಬೇಕಾಗಿರಲಿಲ್ಲ. ನಾಲ್ಕು ಸಾಲು ಕನ್ನಡದಲ್ಲಿ ಬರೆದು ಗೇಟಿನ ಬೋರ್ಡಿಗೆ ಅಂಟಿಸಿದ್ದರೆ ಸಾಕಿತ್ತು, ಅದು ಆಗಲಿಲ್ಲ ಅನ್ನುವ ಕೊರಗು ಈಗಲೂ ಇದೆ. ಅದಕ್ಕೇ ನಿನಗೆ ಇಷ್ಟುದ್ದ ಬರೆಯುತ್ತಿರುವುದು, ಬೇಜಾರು ಮಾಡಿಕೊಳ್ಳಬೇಡ.

ಮತ್ತೆ ಅದೇ ವಿಷಯಕ್ಕೆ ಬರುತ್ತೇನೆ. ಸೌಲಭ್ಯ ಇದ್ದೂ ಡಿಸ್ಪೆನ್ಸರಿಯಲ್ಲಿ ‘ನಿಮ್ಮದು ಕ್ಲೋಸ್ ಆಗಿದೆ’ ಅಂತ ವಾಪಸ್ ಕಳಿಸುವುದುಂಟು. ಸಾಮಾನ್ಯವಾಗಿ ಎಡವಟ್ಟು ಆಗುವುದು ಕಂಪನಿಯವರು ತಿಂಗಳ ವಂತಿಗೆ ತುಂಬುವಾಗ. ‘ಔಟ್ ಆಫ್ ಕವರೇಜ್’ (ಮಿತಿ ದಾಟಿ ಆಚೆ ಹೋದರು) ಅನ್ನುವ ಕಾರಣವನ್ನು ಏಪ್ರಿಲ್, ಅಕ್ಟೋಬರ್ ಬಿಟ್ಟು ಬೇರೆ ತಿಂಗಳಲ್ಲಿ ಹಾಕುವಂತಿಲ್ಲ. ಅದರ ಬದಲು ‘ಕೆಲಸ ಬಿಟ್ಟರು’ ಅಂತ ಒತ್ತಿಬಿಟ್ಟರೆ ದಾಖಲೆಯೇ ಬೇರೆಯಾಗುತ್ತದೆ. ಇಎಸ್‌ಐ ಪೋರ್ಟಲಿನಲ್ಲಿ ಅಳಿಯಂದಿರ ವಿಮಾ ಸಂಖ್ಯೆ ಹಾಕಿ ಒಳಗೆ ಹೋದರೆ ಯಾವ ತಾರೀಖಿನವರೆಗೆ ಯಾವ ಸೌಲಭ್ಯಕ್ಕೆ ಅರ್ಹರು ಅಂತ ತೋರಿಸುವ ಪುಟ ಇದೆ. ಅದನ್ನು ಪ್ರಿಂಟ್ ತೆಗೆದು ಎಕೋ ರಿಪೋರ್ಟಿನ ಜೊತೆಗೇ ಇಟ್ಟುಕೊಂಡಿರು.

ಪುಟ್ಟಿಯ ಹೆಸರು ಇಎಸ್‌ಐನ ಗುರುತಿನ ಚೀಟಿ, ಆ ಇ-ಪೆಹಚಾನ್ ಕಾರ್ಡಿನಲ್ಲಿ ಇದೆ ತಾನೇ? ಕೆಲಸಕ್ಕೆ ಸೇರಿದ ಮೇಲೆ ಹುಟ್ಟಿದ ಮಕ್ಕಳ ಹೆಸರು ತಾನಾಗಿ ಸೇರುವುದಿಲ್ಲ. ಜನನ ಪ್ರಮಾಣಪತ್ರ, ಆಧಾರ್, ಕಾರ್ಡು ಮೂರರಲ್ಲೂ ಹೆಸರು ಒಂದೇ ಥರ ಇರಲಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಅಡ್ಮಿಷನ್ ದಿನವೇ ಅದು ಕಣ್ಣಿಗೆ ಬೀಳುವುದು. ಐದು ತುಂಬಿದ ಮೇಲೆ ಆಧಾರಿಗೆ ಬೆರಳಚ್ಚು ಕೊಡಿಸಬೇಕು, ಅದಕ್ಕೆ ಇನ್ನೂ ಎರಡು ವರ್ಷ ಇದೆ.

ಹೃದಯದ ಆಪರೇಷನ್ ಸೂಪರ್ ಸ್ಪೆಷಾಲಿಟಿ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಕಾರ್ಡು ಚಾಲ್ತಿಯಲ್ಲಿದ್ದರೆ ಸಾಲದು, ಎಷ್ಟು ಕಾಲ ಸರ್ವೀಸು, ಎಷ್ಟು ದಿನದ ವಂತಿಗೆ ಅಂತಲೂ ನೋಡುತ್ತಾರೆ. ಆಗಸ್ಟಿನಲ್ಲಿ ಆಪರೇಷನ್ ಬೇಕೆಂದರೆ, ಸೆಪ್ಟೆಂಬರ್‌ವರೆಗೆ ವಂತಿಗೆ ನಡೆಯುತ್ತಿರುವಾಗಲೇ ರೆಫರಲ್ (ದೊಡ್ಡ ಆಸ್ಪತ್ರೆಗೆ ಇಎಸ್‌ಐನವರು ಕೊಡುವ ಚೀಟಿ) ಬರೆಸಿಕೊಳ್ಳುವುದು ವಾಸಿ. ಮೇ ತಿಂಗಳ ಮಾತು ಎತ್ತಿದ್ದು ಇದಕ್ಕೂ ಸೇರಿಯೇ. ರೆಫರಲ್ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿಸಿ ಆಮೇಲೆ ಬಿಲ್ ಕೇಳುವ ದಾರಿ ತುರ್ತಿಗೆ ಮಾತ್ರ, ಅದೂ ಸಲೀಸಲ್ಲ.

ಇಎಸ್‌ಐ ಮುಗಿದ ಮೇಲೆ ಏನು ಅನ್ನುವುದೇ ಅಲ್ಲವೇ ನಿನ್ನ ನಿಜವಾದ ಭಯ? ಏನೂ ಇಲ್ಲದ ಹಾಗೆ ಆಗುವುದಿಲ್ಲ. ನಿಮ್ಮದು ಎಪಿಎಲ್ ಕಾರ್ಡು. ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಚಿಕಿತ್ಸಾ ಯೋಜನೆಯಲ್ಲಿ ಬಿಪಿಎಲ್‌ನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ ಸಿಗುತ್ತದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಕಡಿಮೆಯೇ, ಒಪ್ಪುತ್ತೇನೆ. ಆದರೂ ರೇಷನ್ ಕಾರ್ಡಿಗೆ ಪುಟ್ಟಿಯ ಹೆಸರು ಸೇರಿಸುವ ಕೆಲಸ ಈಗಲೇ ಹಿಡಿ. ಆಹಾರ ಇಲಾಖೆಯವರು ತಿದ್ದುಪಡಿಗೆ ಅವಕಾಶ ಕೊಡುವುದು ಆಗೊಮ್ಮೆ ಈಗೊಮ್ಮೆ, ಕೆಲವೇ ದಿನ.

ಇದಕ್ಕಿಂತ ಮುಖ್ಯವಾದದ್ದು ಅಂಗನವಾಡಿ. ನಗಬೇಡ. ಪುಟ್ಟಿಯನ್ನು ದುಡ್ಡು ಕಟ್ಟಿ ನರ್ಸರಿಗೆ ಕಳಿಸುತ್ತಿದ್ದೀಯ, ಸರಿ. ಆದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಬರುವುದು ಅಂಗನವಾಡಿಗೆ, ಶಾಲೆಗಳಲ್ಲಾದರೆ ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ವರ್ಷಕ್ಕೆ ಒಂದು ಸಲ. 2013ರಲ್ಲಿ ಶುರುವಾದ ಈ ಯೋಜನೆಯ ಪಟ್ಟಿಯಲ್ಲಿ ಹುಟ್ಟಿನಿಂದ ಬಂದ ಹೃದಯದ ತೊಂದರೆ ಸೇರಿದೆ, ಆಪರೇಷನ್ ಸಹ ಉಚಿತ. ಸಂಬಳದ ಮಿತಿ ಅನ್ನುವುದೇ ಇಲ್ಲ. ನಿನ್ನ ಇಪ್ಪತ್ತೊಂದು ಸಾವಿರದ ಭಯಕ್ಕೆ ಸರಿಯಾದ ಉತ್ತರ ಇದೇ ಅಂತ ನನಗೆ ಅನ್ನಿಸುತ್ತದೆ. ನಿಮ್ಮ ಬೀದಿಯ ಅಂಗನವಾಡಿ ಕಾರ್ಯಕರ್ತೆಯನ್ನು ಕಂಡು ಪುಟ್ಟಿಯ ಹೆಸರು ಬರೆಸು, ತಂಡ ಬರುವ ದಿನ ಕೇಳಿಕೊಂಡು ರಿಪೋರ್ಟು ಹಿಡಿದು ಹೋಗು. ಅವರು ಮೇಲಿನ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ.

ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಯ ಬಗ್ಗೆ ನೀನು ಕೇಳಿದ್ದೆ. ನಗರದ ಸಹಕಾರ ಸಂಘದವರಿಗೆ ನಾಲ್ಕು ಜನದ ಕುಟುಂಬಕ್ಕೆ ವರ್ಷಕ್ಕೆ 1,000 ರೂಪಾಯಿ, ಹಳ್ಳಿಯವರಿಗೆ 500. ಬೇರೆ ಆರೋಗ್ಯ ವಿಮೆ ಇದ್ದವರನ್ನು ಸೇರಿಸುವುದಿಲ್ಲ, ಹಾಗಾಗಿ ಇಎಸ್‌ಐ ಇರುವ ತನಕ ಆ ಕಡೆ ಹೋಗಬೇಡ. ಸಂಘದ ಸದಸ್ಯತ್ವ ಬೇಕಾದರೆ ಈಗಲೇ ಮಾಡಿಸಿಕೊಂಡಿರು. ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ.

ಖಾಸಗಿ ಪಾಲಿಸಿಯವರು ಫೋನ್ ಮಾಡಿದರೆ ರಂಧ್ರದ ವಿಷಯ ಮುಚ್ಚಿಡಬೇಡ. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು, ಮುಚ್ಚಿಟ್ಟರೆ ಅದೂ ಇಲ್ಲ. ಅದರ ಬದಲು ಇಎಸ್‌ಐ ಬಿಟ್ಟವರಿಗೆ ಕಂಪನಿಯ ಗ್ರೂಪ್ ಪಾಲಿಸಿ ಇದೆಯೇ, ಮಕ್ಕಳಿಗೂ ಇದೆಯೇ, ಮೊದಲೇ ಇದ್ದ ಕಾಯಿಲೆಗೆ ಮೊದಲ ದಿನದಿಂದ ಕೊಡುತ್ತಾರೆಯೇ ಅಂತ ಅಳಿಯಂದಿರು ಎಚ್‌ಆರ್‌ನವರನ್ನು ಕೇಳಲಿ. ಬಾಯಿಮಾತು ಬೇಡ, ಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಲಿ.

ಅಳಿಯಂದಿರಿಗೆ ನಾನು ಬುದ್ಧಿ ಹೇಳುತ್ತಿದ್ದೇನೆ ಅಂತ ಅನ್ನಿಸದ ಹಾಗೆ ನೀನೇ ತಿಳಿಸು. ಇನ್‌ಕ್ರಿಮೆಂಟ್ ಆರ್ಡರ್ ಕೈಗೆ ಬಂದ ದಿನ ಸಹಿ ಹಾಕುವ ಮುಂಚೆ ಅದರ ಫೋಟೊ ತೆಗೆದು ನನ್ನ ವಾಟ್ಸಾಪಿಗೆ ಹಾಕು. ಯಾವ ತಾರೀಖಿನಿಂದ ಜಾರಿ, ಯಾವ ಯಾವ ಭತ್ಯೆ ಸೇರಿಸಿದ್ದಾರೆ ಅಂತ ನೋಡಿ ಅವತ್ತೇ ಫೋನ್ ಮಾಡುತ್ತೇನೆ.

ಇಂತಿ,
ನಿನ್ನ ಮಾವ