ಸುಣ್ಣದ ನೀರಿನಲ್ಲಿ ಬೆಂದ ಗೋವಿನಜೋಳ

ಪ್ರೀತಿಯ ಗೆಳೆಯಾ,

ನಮ್ಮ ಕಡೆ ಬೆಳೆಯುವ ಗೋವಿನಜೋಳವೆಲ್ಲ ಕೋಳಿಗಳ ಮೇವಿಗೇ ಹೋಗುತ್ತದೆ ಎಂದು ಹಿಂದಿನ ಸಲ ಬಂದಾಗ ನೀನು ಬೇಸರಪಟ್ಟಿದ್ದೆ. ಆ ಮಾತು ನನ್ನನ್ನು ಬಿಡಲಿಲ್ಲ. ಈ ಬೆಳೆಯ ತವರಾದ ಮೆಕ್ಸಿಕೋದಲ್ಲಿ ಅದನ್ನು ಹೇಗೆ ಉಣ್ಣುತ್ತಾರೆಂದು ಓದಿ, ಕಳೆದ ವಾರ ಮನೆಯಲ್ಲೇ ಮಾಡಿ ನೋಡಿದೆ.

ಅಲ್ಲಿಯ ಸಾಂಪ್ರದಾಯಿಕ ಅಡುಗೆಯಲ್ಲಿ ಒಣಕಾಳನ್ನು ನೇರವಾಗಿ ಬೀಸುವುದಿಲ್ಲ. ಸುಣ್ಣ ಕದಡಿದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ಅದರಲ್ಲೇ ನೆನೆಯಬಿಟ್ಟು, ಬೆಳಿಗ್ಗೆ ತೊಳೆದು ರುಬ್ಬುತ್ತಾರೆ. ಹೀಗೆ ಹದಗೊಂಡ ಕಾಳಿಗೆ ನಿಷ್ತಮಾಲ್ ಎಂದು ಹೆಸರು. ನಾನು 1 ಕಿಲೋ ಕಾಳಿಗೆ 10 ಗ್ರಾಂನಷ್ಟು ಎಲೆಯಡಿಕೆಯ ಸುಣ್ಣ ಹಾಕಿದೆ. ಸ್ವಲ್ಪ ಹೊತ್ತಿನಲ್ಲೇ ಕಾಳು ಕಡು ಹಳದಿಗೆ ತಿರುಗಿತು. ಸುಣ್ಣ ಬಳಿದ ಗೋಡೆಗೆ ಮಳೆ ಬಿದ್ದಾಗ ಏಳುವಂಥ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿತು. ಬೆಳಿಗ್ಗೆ ಅಂಗೈಗಳ ನಡುವೆ ಉಜ್ಜಿದರೆ ಸಿಪ್ಪೆ ಲೋಳೆಯಾಗಿ ಜಾರಿ ಬಂತು. ಸುಣ್ಣ ಕಾಣದ ಒಣಕಾಳಿನ ಹಿಟ್ಟಿಗೆ ಎಸರು ಹೊಯ್ದು ನಾದಿದರೂ ರೊಟ್ಟಿ ಅಂಚಿನಲ್ಲಿ ಬಿರಿಯುವುದನ್ನು ನೀನೂ ಬಲ್ಲೆ. ನೆನೆದ ಕಾಳನ್ನು ರುಬ್ಬಿದ ಈ ಹಿಟ್ಟು ಬಿಸಿನೀರಿನ ಹಂಗಿಲ್ಲದೆ ಮುದ್ದೆಗಟ್ಟಿತು. ಅವ್ವ ತಟ್ಟಿ ಹಂಚಿಗೆ ಹಾಕಿದಳು, ಒಂದೂ ಒಡೆಯಲಿಲ್ಲ.

ಆದರೆ ಸುಣ್ಣದ ನಿಜವಾದ ಉಪಕಾರ ಕಣ್ಣಿಗೆ ಕಾಣುವಂಥದ್ದಲ್ಲ. ಗೋವಿನಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವದ ಬಹುಪಾಲು ದೇಹಕ್ಕೆ ದಕ್ಕದಂತೆ ಕಾಳಿನಲ್ಲೇ ಕಟ್ಟಿಹಾಕಿಕೊಂಡಿರುತ್ತದೆ. ಸುಣ್ಣದ ಕ್ಷಾರ ಆ ಕಟ್ಟನ್ನು ಬಿಡಿಸುತ್ತದೆ. ಕೊಲಂಬಸ್‌ನ ನಂತರ ಯೂರೋಪಿಗೆ ಹೋದದ್ದು ಬೀಜ ಮಾತ್ರ, ಅದನ್ನು ಸುಣ್ಣದಲ್ಲಿ ಬೇಯಿಸುತ್ತಿದ್ದ ಹೆಂಗಸರ ಅರಿವು ಹಡಗು ಹತ್ತಲಿಲ್ಲ. ಅದೊಂದನ್ನೇ ಉಂಡು ಬದುಕಿದ ಬಡವರ ಚರ್ಮ ಬಿಸಿಲಿಗೆ ಸುಲಿದು ಕಪ್ಪಾಯಿತು, ಭೇದಿ ಹಿಡಿಯಿತು, ಕೊನೆಗೆ ಬುದ್ಧಿಯೂ ಕಲಕಿತು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್ ಗುರುತಿಸಿದ ಈ ಕಾಯಿಲೆಗೆ ಇಟಲಿಯಲ್ಲಿ ಪೆಲಾಗ್ರ ಎಂಬ ಹೆಸರು ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿಗಿರಣಿ ಊರುಗಳಲ್ಲೂ ಅದು ಹರಡಿದಾಗ ಹೆಚ್ಚಿನವರು ಅಂಟುರೋಗವೆಂದೇ ತಿಳಿದಿದ್ದರು. ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು 1916ರಲ್ಲಿ ರೋಗಿಗಳ ರಕ್ತವನ್ನು ತಮ್ಮ ಮೈಗೇ ಚುಚ್ಚಿಸಿಕೊಂಡು, ಇದು ಅಂಟುವುದಿಲ್ಲ, ಊಟದ ಕೊರತೆಯಿಂದ ಬರುತ್ತದೆ ಎಂದು ತೋರಿಸಬೇಕಾಯಿತು. ನಯಾಸಿನ್ನೇ ಮದ್ದೆಂದು ಗೊತ್ತಾದದ್ದು 1937ರಲ್ಲಿ, ಅವರು ತೀರಿಕೊಂಡ ಎಂಟು ವರ್ಷಗಳ ಮೇಲೆ. ಇದೇ ಕಾಳನ್ನು ಸಾವಿರಾರು ವರ್ಷ ಉಂಡ ಮೆಕ್ಸಿಕೋದ ಅಡುಗೆಮನೆಯಲ್ಲಿ ಪರಿಹಾರ ಮೊದಲೇ ಇತ್ತು. ಕಾಳಿನ ಜೊತೆ ಒಂದೇ ಹೊಲದಲ್ಲಿ ಬೆಳೆದ ಹುರುಳಿಕಾಯಿ ಜಾತಿಯ ಕಾಳೂ ಕುಂಬಳವೂ ತಟ್ಟೆಯಲ್ಲಿದ್ದವು. ಇದನ್ನು ಓದಿದಾಗ ನನಗೆ ಆ ಹೆಂಗಸರ ಬಗ್ಗೆ ಗೌರವಕ್ಕಿಂತ ಹೆಚ್ಚಾಗಿ ದುಃಖವೇ ಆಯಿತು, ಯಾರೂ ಅವರನ್ನು ಕೇಳಲೇ ಇಲ್ಲವಲ್ಲ ಎಂದು.

ಈ ಸಲ ರಾಶಿ ಮಾಡಿದಾಗ ನಿನ್ನ ಹೊಲದ 5 ಕಿಲೋ ಕಾಳನ್ನು, ಹುಳದ ಔಷಧ ಹಾಕದೆ, ಬೇರೆ ತೆಗೆದಿಡು. ಸುಣ್ಣ ನಾನು ತರುತ್ತೇನೆ.

ನಿನ್ನ ಗೆಳೆಯ